ಮಾರ್ಚ್–ಮೇ ತಿಂಗಳಲ್ಲಿ ಶಿರಸಿಯ ಕಾಡಿನಲ್ಲಿ ನಡೆಯುವಾಗ ಯಾವ ಹಣ್ಣು ತಿನ್ನಬಹುದು?

ಮೊದಲು ಕವಳಿ ಹಣ್ಣನ್ನು ಹುಡುಕಿ. ಅದು ದಟ್ಟ ಕಾಡಿನೊಳಗೆ ಅಲ್ಲ, ಬಿಸಿಲು ಬೀಳುವ ಬೇಣದ (ಹುಲ್ಲುಗಾವಲಿನ) ಮುಳ್ಳುಪೊದೆಗಳಲ್ಲಿ ಇರುತ್ತದೆ. ಹಸಿರು ಕಾಯಿ ಉಪ್ಪಿನಕಾಯಿಗೆ. ತಿನ್ನಲು ಪೂರ್ತಿ ಕಪ್ಪಾಗಿ, ಮುಟ್ಟಿದರೆ ಮೆತ್ತಗಾಗಿರುವ ಹಣ್ಣೇ ಬೇಕು. ಕಿತ್ತ ಕೂಡಲೇ ತೊಟ್ಟಿನಿಂದ ಬಿಳಿ ಹಾಲು ಒಸರಿ ತುಟಿಗೆ ಅಂಟುತ್ತದೆ. ನಾನು ಹಣ್ಣನ್ನು ಸ್ವಲ್ಪ ಹೊತ್ತು ನೀರಿನಲ್ಲಿ ಹಾಕಿಟ್ಟು ತಿನ್ನುತ್ತೇನೆ. ಆ ಹುಳಿಸಿಹಿಗೆ ಸಮನಾದದ್ದು ನನಗೆ ಬೇರೊಂದಿಲ್ಲ!

ಏಪ್ರಿಲ್ ಕಳೆದಂತೆ ಮುರುಗಲು (ಕೋಕಂ) ಕೆಂಪಾಗುತ್ತದೆ. ಸಿಪ್ಪೆಯನ್ನು ಬಿಸಿಲಿಗೆ ಒಣಗಿಸಿಟ್ಟರೆ ಪಾನಕಕ್ಕೂ ಸಾರಿಗೂ ಆಯಿತು. ನೇರಳೆ ಮಳೆಗಾಲದ ಹೊಸ್ತಿಲಲ್ಲಿ ಬರುತ್ತದೆ.

ಅಪ್ಪೆಮಿಡಿಗಾಗಿ (ಉಪ್ಪಿನಕಾಯಿಗೆ ಬಳಸುವ ಕಾಡುಮಾವಿನ ಮಿಡಿ) ದಯವಿಟ್ಟು ಕೊಂಬೆ ಕಡಿಯಬೇಡಿ. ಹೊಳೆದಂಡೆಯ ಆ ಹಳೆಯ ಮರಗಳು ಮತ್ತೆ ಬೆಳೆಯಲು ದಶಕಗಳೇ ಬೇಕು. ಅಭಯಾರಣ್ಯದೊಳಗೆ ಏನನ್ನೂ ಕೀಳುವಂತಿಲ್ಲ. ಗುರುತು ಸಿಗದ ಹಣ್ಣನ್ನು ಊರಿನ ಹಿರಿಯರಿಗೆ ತೋರಿಸದೆ ಬಾಯಿಗೆ ಹಾಕಬೇಡಿ.

ಇನ್ನೊಂದು ಮಾತು: ಮಂಗನ ಕಾಯಿಲೆ ಕಾಣಿಸಿಕೊಳ್ಳುವುದು ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ. ಅದನ್ನು ಹರಡುವುದು ಉಣುಗು, ಅಂದರೆ ರಕ್ತ ಹೀರುವ ಉಣ್ಣೆ. ಉದ್ದ ತೋಳಿನ ಅಂಗಿ ಧರಿಸಿ, ಒಣಗಿದ ತರಗೆಲೆಯ ಮೇಲೆ ಕೂರಬೇಡಿ, ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿ. ಮಂಗ ಸತ್ತುಬಿದ್ದಿರುವುದು ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಿ.