ಸೀರಿಯಲ್ಲಿನ ಕುರ್ಚಿ, ಮನೆಯ ಲೆಕ್ಕ

ಗಂಡನ ಸಂಗ್ರಹದ ಹುಚ್ಚು ಬಿಡಿಸಿಕೊಡಿ ಎಂದು ನನ್ನ ಬಳಿ ಸಲಹೆಗೆ ಬರುವವರು ಈಚೆಗೆ ಹೆಚ್ಚು. ಹಳೇ ಕ್ಯಾಮೆರಾ, ಕೈಗಡಿಯಾರ, ಆಟಿಕೆ ಕಾರು, ಏನೋ ಒಂದು. ಈಗ ಹೇಳಹೊರಟಿರುವ ಗಂಡನದು ‘ಮಾಲ್ಗುಡಿ ಡೇಸ್’. ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ವಯಸ್ಸು ಐವತ್ತರ ಹತ್ತಿರ, ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ಆ ಧಾರಾವಾಹಿಯಲ್ಲಿ ಕಾಣುವಂಥ ಸಾಮಾನುಗಳನ್ನೇ ಹುಡುಕಿ ತರುತ್ತಾರೆ: ಲಾಟೀನು, ಹಿತ್ತಾಳೆ ಲೋಟ, ಇಂಕಿನ ಬುಡ್ಡಿ, ಆರಾಮಕುರ್ಚಿ. ಶೂಟಿಂಗಿಗೆ ಬಳಸಿದ ಅಸಲಿ ವಸ್ತುಗಳಲ್ಲ, ಅದೇ ಅಚ್ಚಿನವು. ಕಂತನ್ನು ನಿಲ್ಲಿಸಿ, ಚಿತ್ರ ಹಿಗ್ಗಿಸಿ, ಹಿಡಿಕೆಯ ಬಾಗು ಹೋಲಿಸುತ್ತಾರೆ. ಭಾನುವಾರ ಅವೆನ್ಯೂ ರಸ್ತೆ ಕಡೆಯ ಸಂಡೇ ಬಜಾರ್, ರಜೆ ಸಿಕ್ಕರೆ ತಮಿಳುನಾಡಿನ ಕಾರೈಕುಡಿಯ ಹಳೇ ಸಾಮಾನಿನ ಅಂಗಡಿಗಳು.

“ಇದು ಕಾಯಿಲೆ ಅಂತ ಇವರಿಗೆ ಒಂದು ಸಲ ಹೇಳಿ ಮೇಡಂ” ಎಂದರು ಹೆಂಡತಿ. ನಾನು ಹೇಳಲಿಲ್ಲ. ಏನನ್ನೂ ಬಿಸಾಡಲಾಗದೆ, ಕೋಣೆಗಳು ಬಳಸಲಾಗದಷ್ಟು ತುಂಬಿಹೋಗುವ ತೊಂದರೆಯೊಂದಿದೆ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರ ಆವೃತ್ತಿಯಲ್ಲಿ ಅದಕ್ಕೆ ಪ್ರತ್ಯೇಕ ಜಾಗ ಕೊಟ್ಟಿತು. ಇವರದು ಹಾಗಲ್ಲ: ಪ್ರತಿ ವಸ್ತುವಿಗೂ ನೋಟ್‌ಬುಕ್ಕಿನಲ್ಲಿ ದಾಖಲೆಯಿದೆ, ಎರಡೆರಡು ಬಂದರೆ ಒಂದನ್ನು ಮಾರುತ್ತಾರೆ, ಎಲ್ಲವೂ ಒಂದೇ ಕೋಣೆಯಲ್ಲಿದೆ. ನಾನು ಗಂಡನ ಪಕ್ಷ ಎಂದು ಆಕೆಗೆ ಅನ್ನಿಸಿತು. ಅನ್ನಿಸಲಿ. ಹವ್ಯಾಸಕ್ಕೆ ರೋಗದ ಹೆಸರು ಅಂಟಿಸಿದರೆ ಜಗಳದಲ್ಲಿ ಎಸೆಯಲು ಒಂದು ಕಲ್ಲು ಸಿಗುತ್ತದೆ, ಅಷ್ಟೇ.

ಮುಂದಿನ ಸಲ ಒಂಬತ್ತನೇ ಕ್ಲಾಸಿನ ಮಗಳೂ ಬಂದಿದ್ದಳು. ಮಾತು ಸಡಿಲವಾಗಲಿ ಎಂದು, ಆ ಸೀರಿಯಲ್ಲಿನಲ್ಲಿ ನಿನಗೆ ಯಾವ ಕಥೆ ಇಷ್ಟ ಎಂದು ಕೇಳಿದೆ.

“ಒಂದೂ ಪೂರ್ತಿ ನೋಡಿಲ್ಲ ಆಂಟಿ. ಅಪ್ಪ ನಿಲ್ಲಿಸಿ ನಿಲ್ಲಿಸಿ ಪಾತ್ರೆ ನೋಡ್ತಾರೆ.”

ಅಪ್ಪ ನಕ್ಕರು. “ನಾನೂ ಅಷ್ಟೇ. ಚಿಕ್ಕವನಿದ್ದಾಗ ದೂರದರ್ಶನದಲ್ಲಿ ಬರ್ತಿದ್ದದ್ದು ಹಿಂದಿ, ಒಂದಕ್ಷರ ಅರ್ಥ ಆಗ್ತಿರಲಿಲ್ಲ. ಪಕ್ಕದ ಮನೇಲಿ ಕೂತು ಬರೀ ಆ ಮನೆ, ಸಾಮಾನು ನೋಡ್ತಿದ್ದೆ.”

“ಕಥೆ ಗೊತ್ತಿಲ್ಲ, ಆದ್ರೆ ರೇಟೆಲ್ಲ ಗೊತ್ತು ನಂಗೆ. ನಿಜವಾದ್ದು,” ಎಂದಳು ಮಗಳು.

“ನಿಜವಾದ್ದು ಅಂದ್ರೆ?” ಕೇಳಿದ್ದು ನಾನಲ್ಲ, ತಾಯಿ.

ಎರಡು ಸಾವಿರ ಎಂದಿದ್ದ ಕುರ್ಚಿ ಹನ್ನೊಂದು ಸಾವಿರದ್ದು. ಹಣ ಕಳಿಸುವಾಗ ಮಗಳು ಪಕ್ಕದಲ್ಲೇ ಇದ್ದಳು. ‘ಅಮ್ಮನಿಗೆ ಹೇಳಬೇಡ’ ಎಂದು ಅಪ್ಪ ಹೇಳಿದ್ದು ಆ ಒಂದು ಸಲ ಮಾತ್ರವಲ್ಲ.

ಹಿಂದಿ ಬಾರದ ಹುಡುಗನ ಕಥೆ ಹಿಡಿದು ಬಾಲ್ಯ ಕೆದಕಬಹುದಿತ್ತು. ಓದುಗರಿಗೂ ಅದೇ ರುಚಿ ಎಂದು ಗೊತ್ತು. ನಾನು ಅತ್ತ ಹೋಗಲಿಲ್ಲ. ಕುರ್ಚಿ ಯಾಕೆ ಬೇಕಾಯಿತು ಎಂಬುದು ಅವರ ಖುಷಿ, ಅದಕ್ಕೆ ಸಮಜಾಯಿಷಿ ಬೇಕಿಲ್ಲ. ಮಗುವನ್ನು ಸುಳ್ಳಿನ ಪಾಲುದಾರಳನ್ನಾಗಿ ಮಾಡಿದ್ದು ಮಾತ್ರ ಈ ವಾರವೇ ನಿಲ್ಲಬೇಕಿತ್ತು. ಸಂಗ್ರಹಕಾರರ ಮನೆಯವರು ವಸ್ತುಗಳನ್ನು ಎಣಿಸುತ್ತಾರೆ. ನಾನು ಮೊದಲು ಕೇಳುವುದು ಬೆಲೆ ಯಾರಿಗೆ ಎಷ್ಟು ಹೇಳಿದ್ದೀರಿ ಎಂದು.

ಅವರಿಗೆ ಹೇಳಿದೆ: ಹಳೆಯದೆಲ್ಲದರ ನಿಜವಾದ ಬೆಲೆಯನ್ನು ನೋಟ್‌ಬುಕ್ಕಿನಲ್ಲಿ ಬರೆದು ಹೆಂಡತಿಯ ಕೈಗೆ ಕೊಡಿ. ‘ಇನ್ನು ನೀನು ಏನನ್ನೂ ಮುಚ್ಚಿಡಬೇಕಿಲ್ಲ’ ಎಂದು ಮಗಳಿಗೆ ನೀವೇ ಹೇಳಿ. ತಿಂಗಳಿಗೆ ಇಷ್ಟೇ ಎಂದು ಇಬ್ಬರೂ ಕೂತು ಗೊತ್ತುಮಾಡಿ. ಸಾಲ ಮಾಡಿಯೋ ಕಂತಿನಲ್ಲೋ ಕೊಳ್ಳುವುದು ಬೇಡ. ಹೆಂಡತಿಗೆ ಹೇಳಿದ್ದು, ಗುಜರಿಗೆ ಹಾಕ್ತೀನಿ ಎಂಬ ಬೆದರಿಕೆ ಬಿಡಿ ಎಂದು. “ಸುಳ್ಳು ಹೇಳಿದ್ದು ಅವರು, ಬುದ್ಧಿಮಾತು ನನಗಾ?” ಎಂದು ರೇಗಿದರು. ಸಿಟ್ಟು ನ್ಯಾಯವೇ. ಆದರೆ ಬಿಸಾಡುವ ಭಯವಿರುವ ಮನೆಯಲ್ಲಿ ಬೆಲೆ ಹೊರಗೆ ಬರುವುದಿಲ್ಲ. ಬೇಕಿದ್ದರೆ ವಾರಕ್ಕೊಂದು ಕಂತನ್ನು ಎಲ್ಲೂ ನಿಲ್ಲಿಸದೆ ಮಗಳ ಜೊತೆ ನೋಡಿ ಎಂದೂ ಸೇರಿಸಿದೆ.

ಕೊನೆಯ ಭೇಟಿಯ ಹೊತ್ತಿಗೆ ಇನ್ನೊಂದು ಲಾಟೀನು ಬಂದಿತ್ತು. ಮೂರೂವರೆ ಸಾವಿರ ಎಂದು ಅವರೇ ನನ್ನೆದುರಿಗೆ ಬಾಯಿಬಿಟ್ಟರು. “ಅಷ್ಟು ದುಡ್ಡಿಗೆ ತುಕ್ಕು ಹಿಡಿದ ಲಾಟೀನಾ!” ಎಂದು ಆಕೆ ಅಲ್ಲೇ ಶುರುಮಾಡಿದರು. ನಾನು ತಡೆಯಲಿಲ್ಲ. ತಿಂಗಳ ಮಿತಿ ಎಷ್ಟೆಂಬುದು ಅವತ್ತೂ ತೀರ್ಮಾನವಾಗಲಿಲ್ಲ; ಆಕೆ ಸಾವಿರದಲ್ಲೇ ನಿಂತಿದ್ದರು, ಇವರು ಎರಡಕ್ಕೆ ಇಳಿದಿದ್ದರು.