ಹೇಳಲು ಬಂದ ಅಧ್ಯಾಯ, ಬರೆಯಲು ಬಾರದ ಅಧ್ಯಾಯ

ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುವ 38 ವರ್ಷದ ಉಪನ್ಯಾಸಕಿ ಆಪ್ತಸಮಾಲೋಚನೆಗಾಗಿ ನನ್ನ ಬಳಿಗೆ ಬಂದದ್ದು ನಿದ್ದೆ ಬರುವುದಿಲ್ಲವೆಂದು. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ಎರಡನೆಯ ಭೇಟಿಯಲ್ಲಿ ನಿಜವಾದ ಸಂಕಟ ಹೊರಬಿತ್ತು. ಇಪ್ಪತ್ತನೆಯ ಶತಮಾನದ ಬ್ರಿಟಿಷ್ ಕಾದಂಬರಿ ಕುರಿತ ಅವರ ಪಿಎಚ್.ಡಿ. ಪ್ರಬಂಧ ಮೂರನೆಯ ಅಧ್ಯಾಯದಲ್ಲಿ 14 ತಿಂಗಳಿಂದ ನಿಂತುಬಿಟ್ಟಿತ್ತು. "ಗೈಡ್ ಫೋನ್ ಬಂದ್ರ ಎದಿ ಧಸಕ್ ಅಂತದ್ರಿ ಮೇಡಂ" ಎಂದರು. ಯಾದಗಿರಿ ಕಡೆಯ ಹಳ್ಳಿಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಅವರ ಉಚ್ಚಾರವನ್ನು ವಿಚಾರ ಸಂಕಿರಣವೊಂದರಲ್ಲಿ ಹಿರಿಯರೊಬ್ಬರು ಎಲ್ಲರೆದುರು ತಿದ್ದಿದ ದಿನದಿಂದ, ಈ ಸಾಹಿತ್ಯದ ಬಗ್ಗೆ ಬರೆಯಲು ನಾನ್ಯಾರು ಎಂಬ ಅಳುಕು ಮನಸ್ಸಿನಲ್ಲಿ ಬೇರುಬಿಟ್ಟಿತ್ತು.

ಮೂರನೆಯ ಸಲ ಪುಸ್ತಕ ತರಲು ಹೇಳಿದೆ. ತಂದದ್ದು ಇ.ಎಂ. ಫಾರ್ಸ್ಟರ್ ಅವರ 1924ರ 'ಎ ಪ್ಯಾಸೇಜ್ ಟು ಇಂಡಿಯಾ'. ಬೆನ್ನು ಕಿತ್ತುಹೋಗಿ ಅಂಟುಪಟ್ಟಿ ಹಚ್ಚಿದ ಪ್ರತಿ. ಅಂಚಿನ ತುಂಬ ಪೆನ್ಸಿಲ್ ಟಿಪ್ಪಣಿ, ಎಲ್ಲವೂ ಕನ್ನಡದಲ್ಲಿ. ಅಧ್ಯಾಯದಲ್ಲಿ ಏನಿರಬೇಕೆಂದು ನನಗೆ ಹೇಳಿ ಎಂದೆ. ಯಾವ ದನಿಗೂ ಕಾದಂಬರಿಯ ಮರಾಬಾರ್ ಗುಹೆ ಒಂದೇ ಸದ್ದನ್ನು ಮರಳಿಸುವುದನ್ನೂ, ಅದನ್ನು ಕೇಳಿದ ವೃದ್ಧೆ ಮಿಸೆಸ್ ಮೂರ್ ಒಳಗೇ ಕುಸಿಯುವುದನ್ನೂ ಅವರು 20 ನಿಮಿಷ ಎಲ್ಲಿಯೂ ತಡವರಿಸದೆ ಬಿಡಿಸಿಟ್ಟರು. ಕಾದಂಬರಿ ಅರ್ಪಿತವಾಗಿರುವ, ಫಾರ್ಸ್ಟರ್ ಅವರ ಗೆಳೆಯ ಸೈಯದ್ ರಾಸ್ ಮಸೂದ್ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದ ಶಿಕ್ಷಣ ಇಲಾಖೆಯ ನಿರ್ದೇಶಕರಾಗಿದ್ದರು, ಕಲಬುರಗಿಯೂ ಅದೇ ಸಂಸ್ಥಾನದಲ್ಲಿತ್ತು ಎಂದು ಹೇಳುವಾಗ ಅವರ ದನಿಯೇ ಬೇರೆಯಾಗಿತ್ತು. ಇದನ್ನು ಬರೆದಿದ್ದೀರಾ ಎಂದು ಕೇಳಿದೆ. ಇಲ್ಲವೆಂದರು.

ಇಂಥವರನ್ನು ಸೋಮಾರಿಗಳೆಂದು ಬೈಯುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಅಧ್ಯಾಯ ಅವರಲ್ಲಿ ಸಿದ್ಧವಿತ್ತು. ಮೊದಲ ವಾಕ್ಯವೇ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಹುಟ್ಟಬೇಕೆಂಬ ಹಟ ಅದನ್ನು ತಡೆದಿತ್ತು. ಬೆಳಿಗ್ಗೆ ಅರ್ಧ ಗಂಟೆ ಫೋನಿನಲ್ಲಿ ಕನ್ನಡದಲ್ಲೇ ಮಾತಾಡಿ ಧ್ವನಿಮುದ್ರಿಸಿ, ಸಂಜೆ ಅದನ್ನು ಕೇಳುತ್ತ ಇಂಗ್ಲಿಷಿಗೆ ಇಳಿಸಿ, ಆ ದಿನ ತಿದ್ದಲೇಬೇಡಿ ಎಂದು ಸಲಹೆ ಕೊಟ್ಟೆ. ಪೂರ್ತಿ ಅಧ್ಯಾಯಕ್ಕೆ ಕಾಯದೆ ಮೂರು ಪುಟವಾದರೂ ಹಿಡಿದು ನೀವಾಗಿಯೇ ಗೈಡ್ ಬಳಿಗೆ ಹೋಗಿ, ಎಲ್ಲಿ ಸಿಕ್ಕಿಕೊಂಡಿದ್ದೀರೆಂದು ನೇರವಾಗಿ ಹೇಳಿ ಎಂದೆ. ಅವಧಿ ಮುಗಿದೇಹೋಯಿತೆಂಬ ಭಯವೂ ಇತ್ತು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ಪಿಎಚ್.ಡಿ. ನಿಯಮದಂತೆ ಪ್ರವೇಶದಿಂದ 6 ವರ್ಷ, ಮರುನೋಂದಣಿಯಿಂದ ಇನ್ನೂ 2 ವರ್ಷ, ಮಹಿಳೆಯರಿಗೆ ಅದರ ಮೇಲೆ 2 ವರ್ಷದ ಸಡಿಲಿಕೆಗೆ ಅವಕಾಶವಿದೆ; ಅವರದು ನಾಲ್ಕನೆಯ ವರ್ಷ. ನೋಂದಣಿ ದಿನಾಂಕ ನೋಡಿಕೊಂಡು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಹೇಳಿದೆ. ಸುಸ್ತಿಗೆ ವೈದ್ಯರ ಬಳಿ ಕಳಿಸಿದಾಗ ರಕ್ತಹೀನತೆ ಕಂಡುಬಂದು ಚಿಕಿತ್ಸೆಯೂ ಶುರುವಾಯಿತು.

ಎರಡು ತಿಂಗಳ ಮೇಲೆ 11 ಪುಟ ತಂದು ತೋರಿಸಿದರು. ಗೈಡ್ ಹಾಕಿದ ಕೆಂಪು ಶಾಯಿ ಸಾಕಷ್ಟಿತ್ತು. ಮಸೂದ್ ಕುರಿತ ಪ್ಯಾರಾದ ಪಕ್ಕದಲ್ಲಿ ಮಾತ್ರ, ಇದನ್ನು ಇನ್ನೂ ಬೆಳೆಸಿ ಎಂಬ ಸೂಚನೆಯಿತ್ತು. ಈಗ ರಾತ್ರಿ ಐದಾರು ಗಂಟೆ ನಿದ್ದೆ ಬರುತ್ತದೆ. ಫೋನ್ ಬಂದಾಗಿನ ಎದೆಬಡಿತ ಪೂರ್ತಿ ಹೋಗಿಲ್ಲವಾದ್ದರಿಂದ 15 ದಿನಕ್ಕೊಮ್ಮೆ ಬರುತ್ತಿದ್ದಾರೆ.