ಕಂಪನಿಯೊಂದು ಜೀವವೈವಿಧ್ಯವನ್ನು ನಿಜವಾಗಿ ಅಳೆಯಬಹುದಾ? ಎಲ್ಲಿಂದ ಶುರು ಮಾಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಕಂಪನಿಯಲ್ಲಿ ಪರಿಸರ ವರದಿ ಬರೆಯುವ ಕೆಲಸ ನಿಮ್ಮ ಪಾಲಿಗೆ ಬಂದಿದೆ. ಇಂಗಾಲದ ಲೆಕ್ಕ ಮುಗಿಸಿದ್ದೀರಿ. ಈಗ ಜೀವವೈವಿಧ್ಯಕ್ಕೂ ಒಂದು ಅಂಕಿ ಕೊಡಿ ಎಂದು ಮೇಲಿನವರು ಕೇಳುತ್ತಿದ್ದಾರೆ. ಉಪಗ್ರಹ, ಡ್ರೋನ್, ಎಐ ಅಂತ ಬರುವವರನ್ನು ಎಷ್ಟು ನಂಬಬೇಕು ಎಂಬುದು ನಿಮ್ಮ ಗೊಂದಲ.

ನಾನು ಹಲವು ವರ್ಷಗಳಿಂದ ಕಂಪನಿಗಳ ಜಾಗಗಳಲ್ಲಿ ಹಕ್ಕಿ, ಕಪ್ಪೆ, ಗಿಡಮರಗಳ ಸಮೀಕ್ಷೆ ಮಾಡುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಆ ಒಂದೇ ಒಂದು ಅಂಕಿ ಸಿಗುವುದಿಲ್ಲ. ಒಂದು ಟನ್ ಇಂಗಾಲವನ್ನು ಎಲ್ಲಿ ಬಿಟ್ಟರೂ ವಾತಾವರಣಕ್ಕೆ ಒಂದೇ. ಆದರೆ ಇಲ್ಲಿನ ಒಂದು ಎಕರೆ ಜೌಗಿಗೆ ಬದಲು ಎಲ್ಲೋ ಇರುವ ಇನ್ನೊಂದು ಎಕರೆ ಕೊಡುತ್ತೇನೆ ಅಂದರೆ, ಇಲ್ಲಿ ಮಾತ್ರ ಬದುಕುವ ಮೀನಿಗೆ ಅದರಿಂದ ಏನು ಪ್ರಯೋಜನ? ಹಾಗಾಗಿ ಎಷ್ಟು ಅಂತ ಕೇಳುವ ಮೊದಲು ಎಲ್ಲಿ ಅಂತ ಕೇಳಿ. ಪ್ರಕೃತಿಯ ಮೇಲಿನ ಅವಲಂಬನೆ ಮತ್ತು ಅಪಾಯಗಳನ್ನು ಕಂಪನಿಗಳು ಹೇಗೆ ಬಹಿರಂಗಪಡಿಸಬೇಕು ಎಂದು 2023ರ ಸೆಪ್ಟೆಂಬರ್‌ನಲ್ಲಿ ಬಂದ, ಟಿಎನ್‌ಎಫ್‌ಡಿ ಎಂಬ ಅಂತರರಾಷ್ಟ್ರೀಯ ಕಾರ್ಯಪಡೆಯ ಶಿಫಾರಸುಗಳಿವೆ. ಅದರ ಜೊತೆಗಿರುವ ವಿಧಾನದಲ್ಲೂ ಜಾಗ ಗುರುತಿಸುವುದೇ ಮೊದಲ ಹೆಜ್ಜೆ.

ಇದಕ್ಕೆ ದೊಡ್ಡ ಯಂತ್ರ ಏನೂ ಬೇಡ. ಕಾರ್ಖಾನೆ, ಗೋದಾಮು, ಮುಖ್ಯವಾಗಿ ಕಚ್ಚಾವಸ್ತು ಬರುವ ಜಾಗಗಳ ಅಕ್ಷಾಂಶ, ರೇಖಾಂಶಗಳನ್ನು ಒಂದು ಶೀಟ್‌ನಲ್ಲಿ ಹಾಕಿ. ಐಬ್ಯಾಟ್ ಎಂಬ ವ್ಯವಸ್ಥೆ ಇದೆ. ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟಿದೆ ಎಂದು ಹೇಳುವ ಐಯುಸಿಎನ್ ಕೆಂಪು ಪಟ್ಟಿ, ಸಂರಕ್ಷಿತ ಪ್ರದೇಶಗಳು, ಜೀವವೈವಿಧ್ಯದ ಮುಖ್ಯ ತಾಣಗಳು, ಈ ಮೂರರ ಮಾಹಿತಿಯನ್ನೂ ಅದು ನಿಮ್ಮ ಜಾಗದ ಜೊತೆ ಹೋಲಿಸಿ ತೋರಿಸುತ್ತದೆ. ವ್ಯಾಪಾರಕ್ಕೆ ಬಳಸುವವರು ದುಡ್ಡು ಕಟ್ಟಬೇಕು. ಉಚಿತವಾಗಿ ಬೇಕೆಂದರೆ 2001ರಿಂದ ನಡೆಯುತ್ತಿರುವ ಜಿಬಿಐಎಫ್ ಎಂಬ ಅಂತರರಾಷ್ಟ್ರೀಯ ಡೇಟಾ ಜಾಲ ಇದೆ. ಯಾವ ಜೀವಿ ಎಲ್ಲಿ, ಯಾವಾಗ ಕಂಡಿತು ಎಂಬ 200 ಕೋಟಿಗೂ ಜಾಸ್ತಿ ದಾಖಲೆಗಳು ಅಲ್ಲಿವೆ. ಅದರಲ್ಲಿ ದೊಡ್ಡ ಪಾಲು ಹಕ್ಕಿಗಳದ್ದು. ನಿಮ್ಮ ಜಾಗ ಆ ನಕ್ಷೆಯಲ್ಲಿ ಖಾಲಿ ಕಂಡರೆ ಅಲ್ಲಿ ಜೀವಿಗಳಿಲ್ಲ ಅಂದುಕೊಳ್ಳಬೇಡಿ. ಅಲ್ಲಿಗೆ ಯಾರೂ ನೋಡಲು ಹೋಗಿಲ್ಲ ಅಷ್ಟೇ ಇರಬಹುದು.

ಉಪಗ್ರಹದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಉಚಿತ, 10 ಮೀಟರ್‌ವರೆಗಿನ ವಿವರ ಇರುತ್ತದೆ, ಸುಮಾರು 5 ದಿನಕ್ಕೊಮ್ಮೆ ಹೊಸದು ಸಿಗುತ್ತದೆ. ಕಾಡು ಕಡಿದದ್ದು ಕಾಣುತ್ತದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರ್‌ನಂಥವು ತನ್ನ ಮಾರುಕಟ್ಟೆಗೆ ಬರಬಾರದು ಎಂದು ಯುರೋಪಿಯನ್ ಒಕ್ಕೂಟ ಕಾನೂನು ಮಾಡಿದೆ. ಬೆಳೆದ ನೆಲದ ನಿಖರ ಸ್ಥಳವನ್ನೂ ಅದು ಕೇಳುತ್ತದೆ. ಇಂಥ ಪರಿಶೀಲನೆ ಉಪಗ್ರಹ ಚಿತ್ರ ಇಲ್ಲದೆ ಕಷ್ಟ. ಆದರೆ ಮೇಲಿನಿಂದ ನೋಡಿದರೆ ನೆಡುತೋಪೂ ಹಸಿರು, ಹಳೆಯ ಕಾಡೂ ಹಸಿರು. ಮರದ ಕೆಳಗೆ ಯಾರಿದ್ದಾರೆ ಅಂತ ಗೊತ್ತಾಗುವುದಿಲ್ಲ.

ಅದು ಗೊತ್ತಾಗುವುದು ಕಿವಿಯಿಂದ. ನನಗೆ ತುಂಬಾ ಇಷ್ಟದ ಸಾಧನ ಧ್ವನಿ ರೆಕಾರ್ಡರ್. ಆಡಿಯೋಮಾತ್ ಅಂತ ಒಂದಿದೆ, ಅಂಗೈಯಲ್ಲಿ ಹಿಡಿಯುತ್ತದೆ. ಮರಕ್ಕೆ ಕಟ್ಟಿ ಬಂದರೆ ವಾರಗಟ್ಟಲೆ ದಾಖಲಿಸುತ್ತದೆ. ಬರ್ಡ್‌ನೆಟ್‌ನಂಥ ಎಐ ಆ ದನಿಗಳಿಂದ ಹಕ್ಕಿಗಳನ್ನು ಗುರುತಿಸುತ್ತದೆ. ಪಟ್ಟಿಯನ್ನು ಹಾಗೇ ವರದಿಗೆ ಹಾಕಬೇಡಿ. ಗೇಟಿನ ಕಿರುಗುಟ್ಟುವಿಕೆಯೂ ಒಮ್ಮೊಮ್ಮೆ ಹಕ್ಕಿಯ ಹೆಸರು ಪಡೆದುಬಿಡುತ್ತದೆ. ಗೊತ್ತಿರುವವರು ಒಂದಷ್ಟು ತುಣುಕುಗಳನ್ನು ಕೇಳಿ ಸರಿ-ತಪ್ಪು ಹೇಳಲೇಬೇಕು.

ಒಮ್ಮೆ ಒಂದು ಕಂಪನಿ ಬೇಸಿಗೆಯಲ್ಲಿ, ಅದೂ ಹಗಲು ಮಾತ್ರ, ಒಂದು ವಾರ ರೆಕಾರ್ಡ್ ಮಾಡಿಸಿ ಕಪ್ಪೆಗಳಿಲ್ಲ ಎಂದು ಬರೆದಿತ್ತು. ನನಗೆ ನಿಜಕ್ಕೂ ಬೇಜಾರಾಯಿತು. ಮಳೆ ಶುರುವಾಗುವ ಮೊದಲು ಅದೇ ಜಾಗದ ತಗ್ಗಿನಲ್ಲಿ ನಾವು ಮತ್ತೆ ರೆಕಾರ್ಡರ್ ಇಟ್ಟೆವು. ಮೊದಲ ಮಳೆಯ ರಾತ್ರಿಯ ಫೈಲ್ ತೆರೆದರೆ ಕಪ್ಪೆಗಳ ಗದ್ದಲ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಅದನ್ನು ಮೀಟಿಂಗ್‌ನಲ್ಲಿ ಹಾಗೇ ಕೇಳಿಸಿದೆವು. ಅಲ್ಲಿ ಚರಂಡಿ ಅಗೆಯುವ ಕೆಲಸವನ್ನು ಮಳೆಗಾಲ ಮುಗಿಯುವವರೆಗೆ ಮುಂದೂಡಿದರು, ಚರಂಡಿಯ ದಾರಿಯನ್ನೂ ಬದಲಿಸಿದರು.

ನಿಮ್ಮ ಜಾಗದಲ್ಲಿ ಕೆರೆ, ಹಳ್ಳದಂಥ ನೀರಿದ್ದರೆ ಇ-ಡಿಎನ್‌ಎ ಪರೀಕ್ಷೆ ಮಾಡಿಸಬಹುದು. ಜೀವಿಗಳು ನೀರಿನಲ್ಲಿ ಬಿಟ್ಟ ಚರ್ಮ, ಲೋಳೆ, ಮಲದ ಅಂಶದಿಂದ ಯಾರು ಅಲ್ಲಿದ್ದರು ಎಂದು ತಿಳಿಯುತ್ತದೆ. ಎಷ್ಟಿವೆ ಅಂತ ಸರಿಯಾಗಿ ತಿಳಿಯುವುದಿಲ್ಲ. ಹರಿಯುವ ನೀರಾದರೆ ಆ ಡಿಎನ್‌ಎ ಮೇಲಿನಿಂದ ತೇಲಿ ಬಂದಿರಲೂಬಹುದು.

ಇನ್ನು ರಕ್ಷಣೆಯ ಮಾತು. ಬಾವಲಿಗಳು ಗಾಳಿ ಕಡಿಮೆ ಇರುವ ರಾತ್ರಿಗಳಲ್ಲಿ ಜಾಸ್ತಿ ಹಾರುತ್ತವೆ. ಆ ಹೊತ್ತಿನಲ್ಲಿ ಗಾಳಿಯಂತ್ರಗಳಿಗೆ ಬಡಿದು ಸಾಯುತ್ತವೆ. ಇದು ದಾಖಲೆಗಳಿಂದ ತಿಳಿದ ಮೇಲೆ, ಗಾಳಿ ಒಂದು ವೇಗ ಮುಟ್ಟುವವರೆಗೆ ಯಂತ್ರದ ರೆಕ್ಕೆ ತಿರುಗದಂತೆ ಅವುಗಳನ್ನು ನಡೆಸುವವರು ಮಾಡಿದರು. ಹಲವು ಕಡೆ ಸಾವು ಅರ್ಧಕ್ಕೆ ಇಳಿಯಿತು. ಕಳೆದುಕೊಂಡ ವಿದ್ಯುತ್ ತೀರಾ ಕಡಿಮೆ, ಯಾಕೆಂದರೆ ಅಷ್ಟು ಮೆಲ್ಲನೆ ಬೀಸುವ ಗಾಳಿಯಲ್ಲಿ ಹೇಗೂ ಜಾಸ್ತಿ ಹುಟ್ಟುವುದಿಲ್ಲ. ಡೇಟಾದಿಂದ ಆಗಬೇಕಾದ ಕೆಲಸ ಇಂಥದ್ದು ಅಲ್ವಾ?

ಆದ್ದರಿಂದ ಸಾಧನ ಕೊಳ್ಳುವ ಮೊದಲು ಮೇಲಿನವರನ್ನು ಕೂರಿಸಿಕೊಂಡು ಕೇಳಿ: ಅಂಕಿ ಕೆಟ್ಟದಾಗಿ ಬಂದರೆ ನಾವು ಏನನ್ನು ನಿಲ್ಲಿಸುತ್ತೇವೆ, ಏನನ್ನು ಬದಲಿಸುತ್ತೇವೆ? ಉತ್ತರ ಬರೆದಿಟ್ಟುಕೊಳ್ಳಿ. ಕಾಮಗಾರಿ ಶುರುವಾಗುವ ಮುಂಚೆಯೇ ಅಳತೆ ಶುರು ಮಾಡಿ, ಕನಿಷ್ಠ ಒಂದು ವರ್ಷ, ಎಲ್ಲಾ ಕಾಲದಲ್ಲೂ. ನೀವು ಮುಟ್ಟದ, ಅಂಥದ್ದೇ ಇನ್ನೊಂದು ಜಾಗವನ್ನೂ ಜೊತೆಗೇ ಅಳೆಯಿರಿ. ಇಲ್ಲದಿದ್ದರೆ ಹಕ್ಕಿ ಕಡಿಮೆಯಾದದ್ದು ನಿಮ್ಮಿಂದಲೋ, ಮಳೆ ಕೈಕೊಟ್ಟಿದ್ದರಿಂದಲೋ ಹೇಳಲಾಗುವುದಿಲ್ಲ. ಒಪ್ಪಂದಕ್ಕೆ ಸಹಿ ಹಾಕುವಾಗ ಕಚ್ಚಾ ಡೇಟಾ ನಿಮಗೇ ಸೇರಬೇಕು ಎಂಬ ಸಾಲು ಇದೆಯಾ ನೋಡಿಕೊಳ್ಳಿ. ಆಮೇಲೆ ಅದನ್ನು ಜಿಬಿಐಎಫ್‌ಗೂ ಸೇರಿಸಬಹುದು. ಅಪಾಯದಲ್ಲಿರುವ ಜೀವಿಗಳ ನಿಖರ ಜಾಗವನ್ನು ಮಾತ್ರ ಮರೆಮಾಡಿ ಕೊಡಿ, ಬೇಟೆಯವರೂ ಆ ನಕ್ಷೆ ನೋಡಬಹುದು.